ಡಿಸ್ಕ್ ಇಲ್ಲದ ಕಂಪ್ಯೂಟರ್‌ಗೂ ಒಂದು ಹಾಜರಿ ಪುಸ್ತಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



"ನೀನು ಸಾಫ್ಟ್‌ವೇರ್‌ನಲ್ಲಿದ್ದೀಯಲ್ಲಪ್ಪ, ಮಕ್ಕಳಿಗೆ ಸ್ಫೂರ್ತಿ ಬರೋ ಹಾಗೆ ಏನಾದರೂ ಮಾತಾಡು" ಎಂದು ನಮ್ಮ ಮೇಷ್ಟ್ರು ಹೇಳಿದರು. ಸ್ಫೂರ್ತಿಯ ಮಾತನ್ನು ನನಗಿಂತ ಚೆನ್ನಾಗಿ ಆಡುವವರು ಈ ವೇದಿಕೆಯ ಮೇಲೆ ಬೇಕಾದಷ್ಟು ಜನ ಇದ್ದಾರೆ. ನಾನು ನನ್ನ ಕೈಯಾರೆ ಮಾಡಿದ ಒಂದು ಸಣ್ಣ ಕೆಲಸದ ಬಗ್ಗೆ, ಅದರಲ್ಲಿ ನಾನು ಮಾಡಿದ ತಪ್ಪುಗಳ ಬಗ್ಗೆ ಹೇಳುತ್ತೇನೆ. ಕೊನೆಯಲ್ಲಿ ಒಂದು ಬೇಡಿಕೆಯೂ ಇದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಕಂಪ್ಯೂಟರ್ ಎಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ವಸ್ತು. ಆ ಕೋಣೆಗೂ ಊರಿನ ದೇವಸ್ಥಾನಕ್ಕೂ ನಮಗೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದು ಕಂಪ್ಯೂಟರ್‌ಗೆ ನಾಲ್ಕು ಜನ. ಮೌಸ್ ಕೈಗೆ ಸಿಗುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಆದರೂ ಪರದೆಯ ಮೇಲೆ ನನ್ನ ಹೆಸರನ್ನು ನಾನೇ ಒತ್ತಿ ನೋಡಿದ ದಿನ ಇವತ್ತಿಗೂ ನೆನಪಿದೆ. ಅಪ್ಪ ಪೀಣ್ಯದ ಕಾರ್ಖಾನೆಯಿಂದ ರಾತ್ರಿ ಪಾಳಿ ಮುಗಿಸಿ ಬಂದಾಗ ಮೊದಲು ಹೇಳಿದ ಸುದ್ದಿ ಅದೇ. ಇವತ್ತು ನಾನು ಹೇಳುತ್ತಿರುವುದೂ ಅಂಥದೇ ಒಂದು ಕೋಣೆಯ ಕಥೆ. ಆದರೆ ನಮ್ಮ ಶಾಲೆಯದಲ್ಲ, ಇನ್ನೊಂದು ಊರಿನ ಸರ್ಕಾರಿ ಪ್ರೌಢಶಾಲೆಯದು. ಹೆಸರು ಬೇಡ.

ನನ್ನ ಸ್ನೇಹಿತನೊಬ್ಬ ಅಲ್ಲಿ ಗಣಿತದ ಮೇಷ್ಟ್ರು. ಒಂದು ಭಾನುವಾರ ಫೋನ್ ಮಾಡಿ, "ಲೋ, ಹದಿನೆಂಟು ಕಂಪ್ಯೂಟರ್ ಇವೆ, ಓಡ್ತಿರೋದು ಆರು. ಒಂದ್ಸಲ ಬಂದು ನೋಡೋ" ಎಂದ. ಹೋಗಿ ಒಂದೊಂದನ್ನೇ ಬಿಚ್ಚಿ ನೋಡಿದೆ. ಕೆಟ್ಟ ಹನ್ನೆರಡರಲ್ಲಿ ಮೂರಕ್ಕೆ ಮದರ್‌ಬೋರ್ಡೇ ಹೋಗಿತ್ತು. ಉಳಿದ ಒಂಬತ್ತರಲ್ಲಿ ಮೆದುಳು ಸರಿಯಿತ್ತು, ನೆನಪು ಹೋಗಿತ್ತು. ಅಂದರೆ ಪ್ರೊಸೆಸರ್, ರ‍್ಯಾಮ್, ಪರದೆ, ಕೀಬೋರ್ಡ್ ಎಲ್ಲ ಚೆನ್ನಾಗಿದ್ದು ಹಾರ್ಡ್ ಡಿಸ್ಕ್ ಮಾತ್ರ ಸತ್ತಿತ್ತು. ಕಂಪ್ಯೂಟರ್‌ನೊಳಗೆ ತಿರುಗುವ ಭಾಗಗಳೆಂದರೆ ಫ್ಯಾನು ಮತ್ತು ಹಳೆಯ ಕಾಲದ ಹಾರ್ಡ್ ಡಿಸ್ಕು. ಧೂಳು, ಬಿಸಿ, ನಡುವೆ ಫಕ್ಕನೆ ಹೋಗುವ ಕರೆಂಟು, ಇವಕ್ಕೆ ಮೊದಲು ಬಲಿಯಾಗುವುದು ಅವೇ. ಓಡುತ್ತಿದ್ದ ಆರರಲ್ಲೂ ಪೆನ್‌ಡ್ರೈವ್‌ನಿಂದ ಬಂದ ವೈರಸ್ ತುಂಬಿತ್ತು.

ಒಂಬತ್ತು ಹೊಸ ಡಿಸ್ಕ್ ಕೊಂಡು ಹಾಕಬಹುದಿತ್ತು. ಆದರೆ ಒಂಬತ್ತರಲ್ಲೂ ಆಪರೇಟಿಂಗ್ ಸಿಸ್ಟಂ ಹಾಕಬೇಕು, ವರ್ಷ ಕಳೆದರೆ ಮತ್ತೆ ಅದೇ ಪಾಡು. ನಾನು ಕೆಲಸ ಮಾಡುವ ಕಡೆ ಸಾವಿರಾರು ಸರ್ವರ್‌ಗಳಿರುತ್ತವೆ. ನಮ್ಮ ತುಮಕೂರು ರಸ್ತೆಯ ಇಕ್ಕೆಲದಲ್ಲಿ ಎದ್ದಿರುವ ಗೋದಾಮುಗಳನ್ನು ನೋಡಿದ್ದೀರಲ್ಲ, ಡೇಟಾ ಸೆಂಟರ್ ಎಂದರೆ ಹೆಚ್ಚುಕಡಿಮೆ ಅಂಥದೇ ಕಟ್ಟಡ. ಸಾಲು ಸಾಲು ಕಪಾಟು, ಕಪಾಟಿನ ತುಂಬ ಕಂಪ್ಯೂಟರ್. ಲಾರಿಯಲ್ಲಿ ಬಂದಿಳಿದ ಒಂದೊಂದು ಯಂತ್ರಕ್ಕೂ ಯಾರೂ ಸಿಡಿ ಹಾಕುತ್ತಾ ಕೂರುವುದಿಲ್ಲ. ನೆಟ್‌ವರ್ಕ್ ತಂತಿ ಸಿಕ್ಕಿಸಿ ಸ್ವಿಚ್ ಒತ್ತುತ್ತಾರೆ, ಅದು ತನಗೆ ಬೇಕಾದ್ದನ್ನು ತಂತಿಯ ಮೇಲೆಯೇ ತರಿಸಿಕೊಂಡು ಎದ್ದು ಕೂರುತ್ತದೆ. ಇದಕ್ಕೆ ನೆಟ್‌ವರ್ಕ್ ಬೂಟಿಂಗ್ ಎನ್ನುತ್ತಾರೆ. ಸಾವಿರ ಸರ್ವರ್‌ಗೆ ಆಗುವುದು ಹದಿನೈದು ಹಳೆಯ ಡೆಸ್ಕ್‌ಟಾಪ್‌ಗೆ ಯಾಕೆ ಆಗಬಾರದು ಎಂದುಕೊಂಡೆ.

ಮಕ್ಕಳೇ, ಇದು ಹೇಗೆ ನಡೆಯುತ್ತದೆ ನೋಡಿ. ನಮ್ಮ ಶಾಲೆಗೆ ಹೊಸ ಹುಡುಗ ಸೇರಿದ್ದಾನೆ ಎಂದುಕೊಳ್ಳಿ. ಗೇಟಿನ ಒಳಗೆ ಬಂದಿದ್ದಾನೆ. ಅವನಿಗೆ ಯಾವ ತರಗತಿ, ಯಾವ ಬೆಂಚು, ಏನೂ ಗೊತ್ತಿಲ್ಲ. ಗೊತ್ತಿರುವುದು ತನ್ನ ಹೆಸರೊಂದೇ. ಆಗ ಅವನು ಅಂಗಳದಲ್ಲಿ ನಿಂತು, "ಯಾರಾದರೂ ಇದ್ದೀರಾ? ನಾನು ಎಲ್ಲಿಗೆ ಹೋಗಲಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಡಿಸ್ಕ್ ಇಲ್ಲದ ಕಂಪ್ಯೂಟರ್ ಮಾಡುವುದೂ ಇದನ್ನೇ. ಅದರ ನೆಟ್‌ವರ್ಕ್ ಕಾರ್ಡಿನಲ್ಲಿ ಹುಟ್ಟುವಾಗಲೇ ಬರೆದಿಟ್ಟ ಹನ್ನೆರಡು ಅಂಕಿ-ಅಕ್ಷರದ ಹೆಸರೊಂದಿರುತ್ತದೆ, ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಆ ಹೆಸರು ಹೇಳಿಕೊಂಡು ಅದು ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ಕೂಗುತ್ತದೆ.

ಕೂಗು ಕೇಳಿ ಉತ್ತರ ಕೊಡುವವರು ಕಚೇರಿಯ ಗುಮಾಸ್ತರು. ಕಂಪ್ಯೂಟರ್ ಲೋಕದಲ್ಲಿ ಅವರ ಹೆಸರು ಡಿಎಚ್‌ಸಿಪಿ. "ಬಾಪ್ಪ, ನಿನ್ನ ಕ್ರಮಸಂಖ್ಯೆ ಇಷ್ಟು. ನಿನ್ನ ಪುಸ್ತಕ ಆ ಕೋಣೆಯಲ್ಲಿದೆ, ಈ ಹೆಸರಿನ ಪುಸ್ತಕ ಕೇಳು" ಎಂದು ಹೇಳಿ ಕಳಿಸುತ್ತಾರೆ. ಕ್ರಮಸಂಖ್ಯೆ ಎಂದರೆ ಐಪಿ ವಿಳಾಸ. ಪುಸ್ತಕದ ಕೋಣೆ ಎಂದರೆ ಟಿಎಫ್‌ಟಿಪಿ ಸರ್ವರ್. ಹೀಗೆ ಕೂಗುವುದನ್ನು, ಪುಸ್ತಕ ಕೇಳುವುದನ್ನು ಕಾರ್ಡಿಗೆ ಮೊದಲೇ ಕಲಿಸಿರುವ ವಿಧಾನಕ್ಕೆ ಪಿಎಕ್ಸ್‌ಇ ಎಂದು ಹೆಸರು. ಇಂಟೆಲ್ ಕಂಪನಿ ಅದರ 2.1ನೇ ಆವೃತ್ತಿಯನ್ನು 1999ರಲ್ಲಿ ಹೊರತಂದಿತು. ಹಾಗಾಗಿ ಆಮೇಲೆ ಬಂದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ, ನಮ್ಮ ಶಾಲೆಗಳ ಹಳೆಯ ಯಂತ್ರಗಳಲ್ಲಿ ಕೂಡ, ಈ ವಿದ್ಯೆ ಇದ್ದೇ ಇರುತ್ತದೆ. ಕೇಳುವವರಿಲ್ಲದೆ ಸುಮ್ಮನಿರುತ್ತದೆ ಅಷ್ಟೆ.

ಟಿಎಫ್‌ಟಿಪಿ ಎಂಬ ಈ ಪುಸ್ತಕದ ಕೋಣೆಯವನು ಬಹಳ ಹಳಬ. ಅವನ ನಿಯಮಗಳು 1981ರಲ್ಲೇ ಪ್ರಕಟವಾದವು, 1992ರಲ್ಲಿ ಪರಿಷ್ಕರಣೆಯಾದವು. ಅವನಷ್ಟು ಸರಳ ಮನುಷ್ಯ ಬೇರೆ ಇಲ್ಲ. ಪಾಸ್‌ವರ್ಡ್ ಕೇಳುವುದಿಲ್ಲ. ಯಾವ ಪುಸ್ತಕಗಳಿವೆ ಎಂದು ಪಟ್ಟಿಯೂ ಕೊಡುವುದಿಲ್ಲ. ಹೆಸರು ಹೇಳಿದರೆ ಒಂದು ಹಾಳೆ ಹರಿದು ಕೊಡುತ್ತಾನೆ. "ಬಂತು ಸಾರ್" ಎಂದರೆ ಮಾತ್ರ ಮುಂದಿನ ಹಾಳೆ. ಒಂದು ಹಾಳೆ 512 ಬೈಟ್. 512ಕ್ಕಿಂತ ಚಿಕ್ಕ ಹಾಳೆ ಬಂದರೆ ಪುಸ್ತಕ ಮುಗಿಯಿತು ಎಂದರ್ಥ. ಇಷ್ಟು ಸರಳವಾಗಿರುವುದರಿಂದಲೇ ಕಾರ್ಡಿನೊಳಗಿನ ಅಂಗೈಯಗಲದ ಜಾಗದಲ್ಲೂ ಅವನ ಭಾಷೆಯನ್ನು ತುಂಬಿಡಲು ಸಾಧ್ಯವಾಯಿತು.

ಸರಳತೆಗೂ ಒಂದು ಬೆಲೆ ಇದೆ. ಲೆಕ್ಕ ಮಾಡೋಣ. ಕಂಪ್ಯೂಟರ್ ಏಳಬೇಕಾದರೆ ಲಿನಕ್ಸ್‌ನ ಕರ್ನಲ್ ಮತ್ತು ಅದರ ಜೊತೆಗಾರ ಫೈಲ್ ಸೇರಿ ಸುಮಾರು 60 ಮೆಗಾಬೈಟ್ ಬೇಕು ಎಂದುಕೊಳ್ಳಿ. 512 ಬೈಟ್‌ನಂತೆ ಭಾಗಿಸಿದರೆ 1,22,880 ಹಾಳೆ. ಒಂದು ಹಾಳೆ ಹೋಗಿ "ಬಂತು" ಎಂಬ ಉತ್ತರ ಬರಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗ ಹಿಡಿದರೂ ಎರಡು ನಿಮಿಷ ದಾಟುತ್ತದೆ. ಅದೂ ಅಲ್ಲದೆ ಹಳೆಯ ನಿಯಮದಲ್ಲಿ ಹಾಳೆಯ ಸಂಖ್ಯೆ 65,535ರವರೆಗೆ ಮಾತ್ರ ಎಣಿಸಲು ಬರುತ್ತದೆ, ಅಂದರೆ ಸುಮಾರು 32 ಮೆಗಾಬೈಟ್‌ಗೆ ಎಣಿಕೆ ಮುಗಿದುಹೋಗುತ್ತದೆ. ಇದಕ್ಕೆ 1998ರ ಹೊತ್ತಿಗೆ ಒಂದು ದಾರಿ ಸಿಕ್ಕಿತು: ಇಬ್ಬರೂ ಮೊದಲೇ ಮಾತಾಡಿಕೊಂಡು ದೊಡ್ಡ ಹಾಳೆ ಬಳಸಬಹುದು. 1,468 ಬೈಟ್‌ನ ಹಾಳೆ ಹಿಡಿದರೆ ಅದೇ ಪುಸ್ತಕ ಸುಮಾರು 43 ಸಾವಿರ ಹಾಳೆಗೆ ಇಳಿಯುತ್ತದೆ. ಎರಡು ನಿಮಿಷದ ಕೆಲಸ ಮುಕ್ಕಾಲು ನಿಮಿಷಕ್ಕೆ ಬರುತ್ತದೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅಷ್ಟು ಉಳಿದರೂ ಉಳಿದಂತೆಯೇ.

ಈಗ ನಾನು ಮಾಡಿದ ಕೆಲಸಕ್ಕೆ ಬರುತ್ತೇನೆ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಒಂದನ್ನು ತಂದು, ಒಂದು ಎಸ್‌ಎಸ್‌ಡಿ ಹಾಕಿ ಸರ್ವರ್ ಮಾಡಿದೆ. ಎಲ್‌ಟಿಎಸ್‌ಪಿ ಎಂಬ ಸ್ವತಂತ್ರ ತಂತ್ರಾಂಶವಿದೆ. 1999ರಿಂದ ಇರುವ ಯೋಜನೆ. 2019ರಲ್ಲಿ ಅದನ್ನು ಹೊಸದಾಗಿ ಬರೆದವರು ಗ್ರೀಸ್ ದೇಶದ ಶಾಲೆಗಳ ಲ್ಯಾಬ್‌ಗಳಿಗಾಗಿ ಕೆಲಸ ಮಾಡುತ್ತಿದ್ದವರು. ನಮ್ಮಂಥದೇ ಹಳೆಯ ಯಂತ್ರ, ನಮ್ಮಂಥದೇ ಕಡಿಮೆ ದುಡ್ಡು ಅವರ ಮುಂದೆಯೂ ಇತ್ತು. ಆ ತಂತ್ರಾಂಶದಲ್ಲಿ ಸರ್ವರ್‌ನಲ್ಲಿ ಒಂದು ಸಲ ಲಿನಕ್ಸ್ ಸಿದ್ಧಮಾಡಿಟ್ಟರೆ ಎಲ್ಲ ಕಂಪ್ಯೂಟರ್‌ಗಳೂ ಅದನ್ನೇ ಹಂಚಿಕೊಂಡು ಏಳುತ್ತವೆ. ಕೇಸರಿ, ಕೆಂಪು ಬಣ್ಣ ಬದಲಿಸಿದ ವಾಲ್‌ಪೇಪರೂ ವೈರಸ್ಸೂ ಸ್ವಿಚ್ ಆರಿಸಿದರೆ ಮಾಯ, ಮರುದಿನ ಮತ್ತೆ ಹೊಸದು. ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇದೆ, ಸರ್ವರ್‌ನಲ್ಲಿ ಒಂದು ಕಡೆ ಆರಿಸಿದೆ, ಹದಿನೈದರಲ್ಲೂ ಕನ್ನಡ ಬಂತು.

ಆದರೆ ಹದಿನೈದೂ ಒಂದೇ ತಾಯಿಯ ಮಕ್ಕಳಾಗಿರಲಿಲ್ಲ. ಕೆಲವಕ್ಕೆ 2 ಜಿಬಿ ರ‍್ಯಾಮ್, ಕೆಲವಕ್ಕೆ 1 ಜಿಬಿ. ಅವಕ್ಕೆ ಹಗುರವಾದ ಇನ್ನೊಂದು ವ್ಯವಸ್ಥೆ ಬೇಕು. ಒಂದರ ಗ್ರಾಫಿಕ್ಸ್ ಕಾರ್ಡ್ ಹಟಮಾರಿ, ಅದಕ್ಕೆ ಬೇರೆ ಸೂಚನೆ ಬೇಕು. ಪಿಎಕ್ಸ್‌ಇಲಿನಕ್ಸ್ ಎಂಬ ಬೂಟ್ ಪ್ರೋಗ್ರಾಂ ಇದಕ್ಕೆ ಒಂದು ದಾರಿ ಇಟ್ಟಿದೆ. ಪ್ರತಿ ಕಂಪ್ಯೂಟರ್ ತನ್ನ ಮ್ಯಾಕ್ ವಿಳಾಸವನ್ನೇ ಹೆಸರಾಗಿ ಇಟ್ಟುಕೊಂಡು, ಅದರ ಮುಂದೆ '01-' ಸೇರಿಸಿ, "ಈ ಹೆಸರಿನ ಚೀಟಿ ಇದೆಯಾ?" ಎಂದು ಕೇಳುತ್ತದೆ. ಇಲ್ಲದಿದ್ದರೆ ಐಪಿ ವಿಳಾಸದ ಹೆಸರಿನಲ್ಲಿ ಕೇಳುತ್ತದೆ. ಅದೂ ಇಲ್ಲದಿದ್ದರೆ ಎಲ್ಲರಿಗೂ ಸೇರಿದ ಚೀಟಿ ತೆಗೆದುಕೊಳ್ಳುತ್ತದೆ. ನಾನು ಮೊದಲು ಹದಿನೈದು ಚೀಟಿಗಳನ್ನು ಕೈಯಲ್ಲೇ ಬರೆದಿಟ್ಟೆ. ಒಂದು ವಾರ ಚೆನ್ನಾಗಿ ನಡೆಯಿತು. ಆಮೇಲೆ ಮೇಷ್ಟ್ರು, "ಪರೀಕ್ಷೆ ದಿನ ಇಂಟರ್‌ನೆಟ್ ಬೇಡ, ಎಂಟನೇ ಕ್ಲಾಸಿಗೆ ಆಟದ ತಂತ್ರಾಂಶ ಬೇಕು, ಹತ್ತನೇ ಕ್ಲಾಸಿಗೆ ಬೇಡ" ಎಂದರು. ಪ್ರತಿ ಸಲ ಹದಿನೈದು ಚೀಟಿ ತಿದ್ದಬೇಕು. ಹನ್ನೆರಡು ಅಕ್ಷರದಲ್ಲಿ ಒಂದು ತಪ್ಪಿದರೂ ಆ ಕಂಪ್ಯೂಟರ್‌ಗೆ ಚೀಟಿ ಸಿಗುವುದಿಲ್ಲ. ಬೆಂಗಳೂರಿನಿಂದ ಫೋನ್‌ನಲ್ಲಿ "ಬಿ ಅಲ್ಲ, ಡಿ" ಎಂದು ಹೇಳಿ ಹೇಳಿ ಸಾಕಾಯಿತು.

ಆಗ ನೆನಪಾದದ್ದು ಎಫ್‌ಬಿಟಿಎಫ್‌ಟಿಪಿ. ಫೇಸ್‌ಬುಕ್‌ನ ಎಂಜಿನಿಯರುಗಳು ತಮ್ಮ ಡೇಟಾ ಸೆಂಟರ್‌ಗಳಿಗಾಗಿ ಪೈಥಾನ್ ಭಾಷೆಯಲ್ಲಿ ಬರೆದು, 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶ ಅದು. ಮಾಮೂಲಿ ಪುಸ್ತಕದ ಕೋಣೆಯವನು ಕಪಾಟಿನಲ್ಲಿರುವ ಪುಸ್ತಕವನ್ನು ಮಾತ್ರ ಕೊಡುತ್ತಾನೆ. ಇವನು ಹಾಗಲ್ಲ. ಬಂದವರ ಮುಖ ನೋಡಿ, ಅವರಿಗೆ ಬೇಕಾದ ಚೀಟಿಯನ್ನು ಆಗಲೇ ಬರೆದುಕೊಡುತ್ತಾನೆ. ಆ ಹೆಸರಿನ ಫೈಲು ಡಿಸ್ಕಿನಲ್ಲಿ ಇರಲೇಬೇಕೆಂದಿಲ್ಲ. ನಾವು ಬರೆಯಬೇಕಾದ್ದು ಮೂರೇ ತುಣುಕು. ಮೊದಲನೆಯದು ಬಾಗಿಲಲ್ಲಿ ನಿಂತು ಯಾರು ಬಂದರು ಎಂದು ನೋಡುತ್ತದೆ. ಎರಡನೆಯದು ಆ ಒಬ್ಬರ ಜೊತೆ ಮಾತ್ರ ಕೂತು ಏನು ಕೊಡಬೇಕೆಂದು ತೀರ್ಮಾನಿಸುತ್ತದೆ. ಮೂರನೆಯದು ಕೊಡುವ ವಸ್ತು: ಅದರ ಗಾತ್ರ ಎಷ್ಟು, ಮುಂದಿನ ಹಾಳೆ ಯಾವುದು, ಯಾವಾಗ ಮುಗಿಯಿತು. ಹಾಳೆ ಎಣಿಸುವುದು, ಕಳೆದುಹೋದ ಹಾಳೆಯನ್ನು ಮತ್ತೆ ಕಳಿಸುವುದು, ದೊಡ್ಡ ಹಾಳೆಯ ಮಾತುಕತೆ, ಇವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ನಾನು ಬರೆದ ಪ್ರೋಗ್ರಾಂ ನೂರು ಸಾಲು ದಾಟಿಲ್ಲ. ಅದರ ಜೀವ ಇರುವುದು ಒಂದು ಹಾಜರಿ ಪುಸ್ತಕದಲ್ಲಿ. ಎಕ್ಸೆಲ್ ಹಾಳೆಯಂಥದು, ನಾಲ್ಕು ಕಾಲಂ: ಮ್ಯಾಕ್ ವಿಳಾಸ, ಮೇಜಿನ ಸಂಖ್ಯೆ, ರ‍್ಯಾಮ್ ಎಷ್ಟು, ಇವತ್ತು ಯಾವ ಪಾಠ. ಕಂಪ್ಯೂಟರ್ ಚೀಟಿ ಕೇಳಿದಾಗ ಪ್ರೋಗ್ರಾಂ ಆ ಹೆಸರಿನಲ್ಲೇ ಇರುವ ಮ್ಯಾಕ್ ವಿಳಾಸ ಓದಿ, ಹಾಜರಿ ಪುಸ್ತಕದಲ್ಲಿ ಆ ಸಾಲು ಹುಡುಕಿ, ಚೀಟಿ ಬರೆದು ಕಳಿಸುತ್ತದೆ. ಕರ್ನಲ್‌ನಂಥ ದೊಡ್ಡ ಫೈಲುಗಳನ್ನು ಮಾಮೂಲಿನಂತೆ ಡಿಸ್ಕಿನಿಂದಲೇ ಕೊಡುತ್ತದೆ. ಪುಸ್ತಕದಲ್ಲಿಲ್ಲದ ಹೊಸ ಯಂತ್ರ ಬಂದರೆ ಅದರ ಪರದೆಯ ಮೇಲೆ ಅದರದೇ ಮ್ಯಾಕ್ ವಿಳಾಸ ತೋರಿಸಿ, ಹೊಸ ಸಾಲು ಸೇರಿಸಲು ಹೇಳುತ್ತದೆ. ಮೇಷ್ಟ್ರು ಪರೀಕ್ಷೆಯ ದಿನ ಒಂದು ಕಾಲಂನಲ್ಲಿ "ಪಾಠ" ಎಂಬುದನ್ನು "ಪರೀಕ್ಷೆ" ಎಂದು ಬದಲಿಸಿದರೆ ಸಾಕು. ಯಾವ ಮೇಜಿನ ಕಂಪ್ಯೂಟರ್ ಎಷ್ಟು ಹೊತ್ತಿಗೆ ಎದ್ದಿತು, ಯಾವುದು ಅರ್ಧಕ್ಕೆ ನಿಂತಿತು ಎಂಬುದೂ ದಾಖಲಾಗುತ್ತದೆ. ಮೂರು ದಿನ ಗೈರುಹಾಜರಾದ ಯಂತ್ರದ ತಂತಿ ಸಡಿಲವಾಗಿದೆ ಎಂದು ಗೊತ್ತಾಗಿಬಿಡುತ್ತದೆ.

ಕೇಳಲು ಸಲೀಸು, ಮಾಡುವಾಗ ಎಡವಿದ್ದು ಬಹಳ. ಎಂಜಿನಿಯರ್ ಆಗಬೇಕೆಂದಿರುವ ಮಕ್ಕಳು ಇದನ್ನು ಕೇಳಿಸಿಕೊಳ್ಳಬೇಕು.

ಮೊದಲ ತಪ್ಪು ನನ್ನ ಮೊದಲ ನೌಕರಿಯಲ್ಲಿ. ಇದೇ ಪ್ರಯೋಗ ಮಾಡಲು ನನ್ನ ಯಂತ್ರದಲ್ಲಿ ಡಿಎಚ್‌ಸಿಪಿ ಚಾಲೂ ಮಾಡಿ ಕಚೇರಿಯ ನೆಟ್‌ವರ್ಕ್‌ಗೆ ಸಿಕ್ಕಿಸಿಬಿಟ್ಟೆ. ಒಂದೇ ಶಾಲೆಯಲ್ಲಿ ಇಬ್ಬರು ಗುಮಾಸ್ತರು ಬೇರೆ ಬೇರೆ ಕ್ರಮಸಂಖ್ಯೆ ಕೊಡಲು ಕೂತಂತಾಯಿತು. ಅರ್ಧ ಗಂಟೆಯಲ್ಲಿ ಇಡೀ ಮಹಡಿಯ ಕಂಪ್ಯೂಟರ್‌ಗಳು ದಾರಿ ತಪ್ಪಿದವು. ಎದ್ದು ನಿಂತು "ನನ್ನದೇ ತಪ್ಪು" ಎಂದು ಹೇಳುವಾಗ ಕಾಲು ನಡುಗುತ್ತಿತ್ತು. ಹೇಳಿದ್ದರಿಂದ ಐದು ನಿಮಿಷದಲ್ಲಿ ಸರಿಹೋಯಿತು, ಮುಚ್ಚಿಟ್ಟಿದ್ದರೆ ದಿನವಿಡೀ ಹುಡುಕುತ್ತಿದ್ದರು. ಅಂದಿನಿಂದ ಇಂಥ ಲ್ಯಾಬ್‌ಗೆ ಪ್ರತ್ಯೇಕ ಸ್ವಿಚ್ ಇಲ್ಲದೆ ನಾನು ಕೈ ಹಚ್ಚುವುದಿಲ್ಲ.

ಎರಡನೆಯದು ಆ ಶಾಲೆಯಲ್ಲಿ. ಟಿಎಫ್‌ಟಿಪಿ ಕೆಲಸ ಮಾಡುವುದು 69ನೇ ಬಾಗಿಲಿನಲ್ಲಿ ಎಂದು ಪುಸ್ತಕದಲ್ಲಿ ಓದಿ, ಫೈರ್‌ವಾಲ್‌ನಲ್ಲಿ ಆ ಬಾಗಿಲೊಂದನ್ನೇ ತೆರೆದಿದ್ದೆ. ಕಂಪ್ಯೂಟರ್ ಕೇಳುವುದು 69ರಲ್ಲಿ ನಿಜ, ಆದರೆ ಸರ್ವರ್ ಉತ್ತರ ಕೊಡುವುದು ಆ ಹೊತ್ತಿಗೆ ತೆರೆದುಕೊಂಡ ಬೇರೊಂದು ಬಾಗಿಲಿನಿಂದ. ಆ ಬಾಗಿಲಿಗೆ ಬಂದ "ಬಂತು ಸಾರ್" ಎಂಬ ಉತ್ತರಗಳನ್ನು ನನ್ನ ಫೈರ್‌ವಾಲೇ ತಡೆಯುತ್ತಿತ್ತು. ಇದು ತಿಳಿಯುವಷ್ಟರಲ್ಲಿ ಒಂದು ರಾತ್ರಿ ಕಳೆದಿತ್ತು. ಆ ಕೋಣೆಯಲ್ಲೇ ಬೆಂಚು ಜೋಡಿಸಿ ಮಲಗಿದ್ದೆ.

ಮೂರನೆಯದು ಚಿಕ್ಕದು. ಕರೆಂಟ್ ಹೋಗಿ ಬಂದರೆ ಎಲ್ಲವೂ ಒಟ್ಟಿಗೆ ಏಳುತ್ತವೆ. ಸರ್ವರ್ ಪೂರ್ತಿ ಏಳುವಷ್ಟರಲ್ಲಿ ಉಳಿದವು ಕೂಗಿ ಕೂಗಿ ಸುಮ್ಮನಾಗಿರುತ್ತವೆ. ಸರ್ವರ್ ಮತ್ತು ಸ್ವಿಚ್ ಎರಡಕ್ಕೆ ಮಾತ್ರ ಯುಪಿಎಸ್ ಕೊಟ್ಟೆವು. ಜೊತೆಗೆ ಮದರ್‌ಬೋರ್ಡಿನ ಗುಂಡು ಸೆಲ್ ಸತ್ತಿದ್ದ ಯಂತ್ರಗಳು "ಮೊದಲು ನೆಟ್‌ವರ್ಕ್ ನೋಡು" ಎಂದು ಹೇಳಿಕೊಟ್ಟದ್ದನ್ನು ದಿನಾ ಮರೆಯುತ್ತಿದ್ದವು. ಗಡಿಯಾರದ ಅಂಗಡಿಯಿಂದ ಸೆಲ್ ತಂದು ಹಾಕಿದ ಮೇಲೆ ಜ್ಞಾಪಕ ಬಂತು.

ಇನ್ನೊಂದು ಎಚ್ಚರಿಕೆ. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಇಲ್ಲ ಎಂದೆನಲ್ಲ. ಆ ತಂತಿಗೆ ಸಿಕ್ಕಿಸಿಕೊಂಡ ಯಾರು ಬೇಕಾದರೂ ಹೆಸರು ಹೇಳಿ ಫೈಲ್ ಪಡೆಯಬಹುದು. ಅಂಕಪಟ್ಟಿಯಾಗಲಿ ಪಾಸ್‌ವರ್ಡಾಗಲಿ ಅಲ್ಲಿ ಇಡಬಾರದು. ಮಕ್ಕಳ ಸ್ವಂತ ಬರಹಗಳನ್ನು ಪಾಸ್‌ವರ್ಡ್ ಇರುವ ಬೇರೆ ದಾರಿಯಲ್ಲಿ ಇಟ್ಟೆವು.

ನಿಜವಾದ ತಪ್ಪು ಮಾತ್ರ ಇವು ಯಾವುದೂ ಅಲ್ಲ. ಎಲ್ಲ ಮುಗಿದ ಮೇಲೆ ನಾನು ಹನ್ನೊಂದು ಪುಟದ ಕೈಪಿಡಿ ಬರೆದು, ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಕೊಟ್ಟು ಬಂದೆ. ಇಂಗ್ಲಿಷಿನಲ್ಲಿ. ಕಚೇರಿಯಲ್ಲಿ ಬರೆಯುವಂತೆಯೇ ಬರೆದಿದ್ದೆ. ನಾಲ್ಕು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಫೋನ್ ಮಾಡಿದಾಗ ಸ್ನೇಹಿತ ಹೇಳಿದ, "ಲ್ಯಾಬ್ ನಿಂತು ಒಂದು ತಿಂಗಳಾಯ್ತು ಕಣೋ. ಯಾರೋ ಸರ್ವರ್ ಸರಿಸಿ ತಂತಿ ಬೇರೆ ಕಡೆ ಸಿಕ್ಕಿಸಿದ್ದಾರೆ ಅನ್ಸತ್ತೆ. ನಿನಗೆ ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಿದ್ದೆ." ಒಂದು ತಂತಿ. ಒಂದು ತಿಂಗಳು. ಹದಿನೈದು ಕಂಪ್ಯೂಟರ್. ನಾನು ಕಟ್ಟಿದ್ದು ನಾನಿಲ್ಲದಿದ್ದರೆ ನಡೆಯದ ವಸ್ತು ಎಂದು ಆವತ್ತು ಅರ್ಥವಾಯಿತು.

ಮುಂದಿನ ಶನಿವಾರ ಹೋದೆ. ಈ ಸಲ ತಂತಿಯನ್ನು ನಾನು ಮುಟ್ಟಲಿಲ್ಲ. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು, ನಿಮಗೆ ಈಗ ಹೇಳಿದ ಗುಮಾಸ್ತರು, ಪುಸ್ತಕದ ಕೋಣೆ, ಹಾಜರಿ ಪುಸ್ತಕದ ಕಥೆಯನ್ನೇ ಹೇಳಿದೆ. ಅವರೇ ಹುಡುಕಿದರು. "ಅಣ್ಣ, ಗುಮಾಸ್ತರು ಉತ್ತರ ಕೊಡ್ತಿಲ್ಲ ಅಂದ್ರೆ ತಂತಿ ಸ್ವಿಚ್ಚಿಗೇ ಬಂದಿಲ್ಲ" ಎಂದು ಒಬ್ಬ ಹುಡುಗಿ ಹೇಳಿದಳು. ಸರಿಯಾಗಿತ್ತು. ಆಮೇಲೆ ಅವರು ಹೇಳಿದಂತೆ, ಅವರ ಮಾತಿನಲ್ಲೇ, ಕನ್ನಡದಲ್ಲಿ ಎರಡು ಪುಟ ಬರೆದೆವು. ಅದನ್ನು ಗೋಡೆಗೆ ಅಂಟಿಸಿದರು. ಮರುವರ್ಷ ಸರ್ವರ್‌ನ ಡಿಸ್ಕೇ ಕೆಟ್ಟಾಗ ನನಗೆ ಫೋನ್ ಬಂದದ್ದು ಸರಿಯಾದ ಮೇಲೆ. ಮಕ್ಕಳು ಹಾಜರಿ ಪುಸ್ತಕವನ್ನು ನೋಟ್‌ಬುಕ್‌ನಲ್ಲೂ ಬರೆದಿಟ್ಟುಕೊಂಡಿದ್ದರು, ಬ್ಯಾಕಪ್‌ನಿಂದ ಎಲ್ಲ ಮರಳಿ ಹಾಕಿದ್ದರು. ನನ್ನ ವೃತ್ತಿಯಲ್ಲಿ ಅದಕ್ಕಿಂತ ಸಂತೋಷದ ಫೋನ್ ಬಂದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠ ಕನ್ನಡದ ಪುಸ್ತಕದಲ್ಲೇ ಬರುತ್ತದೆ. ಇಂಥ ವಿಷಯ ಕನ್ನಡದಲ್ಲಿ ಹೇಳಲು ಬರುವುದಿಲ್ಲ ಎನ್ನುವವರು ಒಂದು ಸಲ ಹೇಳಿ ನೋಡಬೇಕು.

ಈಗ ನನ್ನ ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನು ಕೊಡೋಣ ಎಂದು ಹಳೆಯ ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದೇವೆ. ಹೊಸ ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಗುರುಗಳು ಒಪ್ಪುವುದಾದರೆ ನನ್ನ ಸಲಹೆ ಬೇರೆ. ಒಂದು ಒಳ್ಳೆಯ ಸರ್ವರ್, ಒಂದು ಗಿಗಾಬಿಟ್ ಸ್ವಿಚ್, ಅವೆರಡಕ್ಕೆ ಒಂದು ಯುಪಿಎಸ್. ಪರದೆಗಳಿಗೆ, ನಮ್ಮ ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ಡಿಸ್ಕ್ ಕೆಟ್ಟು ಮೂಲೆ ಸೇರಿರುವ ಯಂತ್ರಗಳೇ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ತಿಂಗಳಿಗೆ ಎರಡು ಶನಿವಾರ ನಮ್ಮಲ್ಲಿ ಒಬ್ಬರು ಬರಬೇಕು. ಪ್ರತಿ ವರ್ಷ ಒಂಬತ್ತನೇ ತರಗತಿಯ ಇಬ್ಬರು ಹಾಜರಿ ಪುಸ್ತಕ ನೋಡಿಕೊಳ್ಳಬೇಕು, ಹತ್ತಕ್ಕೆ ಹೋಗುವ ಮುಂಚೆ ಎಂಟರಿಂದ ಬರುವ ಇಬ್ಬರಿಗೆ ಕಲಿಸಬೇಕು. ಮೊದಲ ವರ್ಷದ ಶನಿವಾರಗಳಿಗೆ ನನ್ನ ಹೆಸರು ಬರೆದುಕೊಳ್ಳಿ.

ಈ ಶಾಲೆಗೆ ಬಂದ ದಿನ ನನಗೂ ನನ್ನ ಹೆಸರೊಂದೇ ಗೊತ್ತಿತ್ತು. ಎಲ್ಲಿ ಕೂರಬೇಕು, ಯಾವ ಪುಸ್ತಕ ತೆರೆಯಬೇಕು ಎಂದು ಹೇಳಿದವರು ಇಲ್ಲಿ ಕೂತಿದ್ದಾರೆ. "ಬಂತು ಸಾರ್" ಎನ್ನುವವರೆಗೂ ಒಂದೊಂದೇ ಹಾಳೆ ಕೊಟ್ಟರು. ಅರ್ಥವಾಗದಿದ್ದರೆ ಬೈದು, ಅದೇ ಹಾಳೆಯನ್ನು ಮತ್ತೊಮ್ಮೆ ಕೊಟ್ಟರು. ಅವರೆಲ್ಲರಿಗೂ ನನ್ನ ನಮಸ್ಕಾರ.

 ಮಕ್ಕಳೇ, ಊಟ ಆದ ಮೇಲೆ ನಾನು ಸರ್ವರನ್ನು ತಂದಿದ್ದೇನೆ, ಬಂದು ಬಿಚ್ಚಿ ನೋಡಿ. ಚಪ್ಪಲಿ ಹೊರಗೆ ಬಿಡಬೇಕಾಗಿಲ್ಲ.